ಕಾಡು, ನಡುಗಡ್ಡೆ ಮತ್ತು ಒಂದು ಮೈಕು: ಮುಂಬಯಿಯಿಂದ ಗೋವೆಗೆ ಐದು ದಿನ

ಮೊದಲ ದಿನ, ಮಂಗಳವಾರ: ಬೋರಿವಲಿ

ನಾವು ಮಾಡಹೊರಟಿರುವುದು ನಲವತ್ತು ನಿಮಿಷಗಳ ಒಂದು ಕನ್ನಡ ಚಿತ್ರ. ಗೋವೆಗೆ ದುಡಿಯಲು ಬಂದ ಕುಟುಂಬವೊಂದರ ಹತ್ತು ವರ್ಷದ ಹುಡುಗಿ, ಶಾಲೆಗೆ ಹೋಗುವಾಗ ತಾನು ದಿನವೂ ಫೆರಿಯಲ್ಲಿ ದಾಟುವ ಹೊಳೆ ಎಲ್ಲಿ ಹುಟ್ಟುತ್ತದೆಂದು ಕಂಡಕಂಡವರನ್ನು ಕೇಳುತ್ತ ಘಟ್ಟದ ಕಾಡಿನವರೆಗೆ ಹೋಗುವುದು ಅದರ ಕಥೆ. ಹಾಗಾಗಿ ನಮಗೆ ಬೇಕಾದ ಜಾಗಗಳು ಎರಡೇ: ಒಂದು ನಡುಗಡ್ಡೆ, ಒಂದು ಕಾಡು. ಕಥೆ ಗೋವೆಯದಾದರೂ ನಿರ್ದೇಶಕಿ, ಕ್ಯಾಮೆರಾಮನ್ ಮತ್ತು ಶಬ್ದಗ್ರಹಣ ಮಾಡುವ ನಾನು ಮೂವರೂ ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರು. ಮನೆಯಿಂದಲೇ ಹೋಗಿಬರಬಹುದಾದ ಕಾಡೂ ನಡುಗಡ್ಡೆಯೂ ಈ ಊರಿನಲ್ಲೇ ಇರುವಾಗ ಗೋವೆಯ ಖರ್ಚೇಕೆ ಎಂಬ ಪ್ರಶ್ನೆಗೆ ಮೊದಲು ಪ್ರಾಮಾಣಿಕವಾಗಿ ಉತ್ತರ ಕಂಡುಕೊಳ್ಳಬೇಕಿತ್ತು. ಆದ್ದರಿಂದ ಡಿಸೆಂಬರಿನ ಎರಡನೆಯ ವಾರದ ನಮ್ಮ ರೆಕ್ಕಿ, ಅಂದರೆ ಚಿತ್ರೀಕರಣದ ಜಾಗ ಹುಡುಕುವ ಸುತ್ತಾಟ, ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಆರಂಭವಾಯಿತು. ಸೋಮವಾರ ಉದ್ಯಾನಕ್ಕೂ ಘಾರಾಪುರಿಯ, ಅಂದರೆ ಎಲಿಫೆಂಟಾ ದ್ವೀಪದ, ಗುಹೆಗಳಿಗೂ ರಜೆಯಾದ್ದರಿಂದ ಮಂಗಳವಾರ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು.

ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಈ ಕಾಡನ್ನು ಮೂರು ಕಡೆಯಿಂದ ನಗರ ಸುತ್ತುವರಿದಿದೆ. ಒಳಗೆ ತುಳಸಿ ಮತ್ತು ವಿಹಾರ್ ಕೆರೆಗಳಿವೆ, ಚಿರತೆಗಳಿವೆ, ವಾರ್ಲಿ ಬುಡಕಟ್ಟಿನ ಜನರ ಪಾಡಾಗಳೆಂಬ ಪುಟ್ಟ ಹಳ್ಳಿಗಳಿವೆ. ದಕ್ಷಿಣದಲ್ಲಿ ಇದರ ಅಂಚಿಗೆ ತಾಗಿಕೊಂಡೇ 1977ರಲ್ಲಿ ಕಟ್ಟಿದ ಗೋರೆಗಾಂವಿನ ಚಿತ್ರನಗರಿ ಇದೆ. ಅಲ್ಲಿನ ಸೆಟ್ಟುಗಳಿಗೆ ಚಿರತೆ ಬಂದ ಸುದ್ದಿ ನಮ್ಮ ಕಸುಬಿನವರಿಗೆಲ್ಲ ಗೊತ್ತು. ನಾವು ಒಳಗಿನ ಬಸ್ಸಿನಲ್ಲಿ ಕಾನ್ಹೇರಿಗೆ ಹೋದೆವು. ಕರಿಬೆಟ್ಟವೆಂಬ ಅರ್ಥದ ಕೃಷ್ಣಗಿರಿಯೇ ಸವೆದು ಕಾನ್ಹೇರಿಯಾಗಿದೆ. ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳ ನಡುವೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರಿರುವ ಶಾಸನಗಳೂ ಇವೆ. ಸಾವಿರದ ಇನ್ನೂರು ವರ್ಷಗಳ ಹಿಂದಿನ ನಮ್ಮ ದೊರೆಯ ಹೆಸರು ಬೋರಿವಲಿಯ ಬಂಡೆಯ ಮೇಲಿದೆಯೆಂದು ತಿಳಿದಾಗ ನಿರ್ದೇಶಕಿಯವರು ಆ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತುಬಿಟ್ಟರು.

ಕಣ್ಣಿಗೆ ಎಲ್ಲವೂ ಸರಿಯಿತ್ತು. ಮಳೆಗಾಲದ ಹಸಿರು ಇನ್ನೂ ಬಾಡಿರಲಿಲ್ಲ, ಒಣಗಿದ ತೊರೆಯ ಪಾತ್ರದಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಕ್ಯಾಮೆರಾಮನ್ ಅದಾಗಲೇ ಮೂರು ಜಾಗಗಳನ್ನು ಗುರುತು ಹಾಕಿಕೊಂಡಿದ್ದರು. ನಾನು ಒಂದು ಮರದ ಕೆಳಗೆ ಮೈಕು ನಿಲ್ಲಿಸಿ ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತು ನಿಮಿಷ ಕೂತೆ. ಹಕ್ಕಿಗಳ ಹಿಂದೆ, ಎಲೆಗಳ ಹಿಂದೆ, ಹೆದ್ದಾರಿಯ ಗುಂಯ್‌ಗಾಟ ಒಂದು ಕ್ಷಣವೂ ಬಿಡದೆ ಇತ್ತು. ಅದರ ಮೇಲೆ ಆಗಾಗ ವಿಮಾನದ ಸದ್ದು. ಬರಿಗಿವಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ, ಏಕೆಂದರೆ ಬೇಡದ ಸದ್ದನ್ನು ಮನಸ್ಸು ಸೋಸಿಬಿಡುತ್ತದೆ. ಮೈಕಿಗೆ ಆ ವಿದ್ಯೆ ಗೊತ್ತಿಲ್ಲ. ಮಾತನ್ನು ಆಮೇಲೆ ಡಬ್ಬಿಂಗ್ ಮಾಡಿಕೊಳ್ಳಬಹುದೆಂದು ಕ್ಯಾಮೆರಾಮನ್ ಹೇಳಿದರು, ಅದೂ ನಿಜವೇ. ಆದರೆ ಹತ್ತು ವರ್ಷದ ಹುಡುಗಿ ಏದುಸಿರು ಬಿಡುತ್ತ ಕಾಡಿನಲ್ಲಿ ಆಡಿದ ಮಾತನ್ನು ಎರಡು ತಿಂಗಳ ನಂತರ ಅಂಧೇರಿಯ ತಣ್ಣನೆಯ ಸ್ಟುಡಿಯೋದಲ್ಲಿ ಅವಳಿಂದಲೇ ಮತ್ತೆ ಆಡಿಸಿದರೆ ಆ ಉಸಿರು ಬರುವುದಿಲ್ಲ.

ಎರಡನೆಯ ದಿನ, ಬುಧವಾರ: ಘಾರಾಪುರಿ

ಗೇಟ್‌ವೇಯಿಂದ ಮೊದಲ ದೋಣಿ ಹಿಡಿದರೆ ಗುಹೆಯಲ್ಲಿ ಅರ್ಧ ಗಂಟೆಯಾದರೂ ಜನರಿಲ್ಲದ ಹೊತ್ತು ಸಿಗುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ ನಿರ್ದೇಶಕಿಯವರು ಐಹೊಳೆಯ ಶಾಸನದ ಮಾತು ತೆಗೆದರು. 634ರಲ್ಲಿ ರವಿಕೀರ್ತಿ ಬರೆದ ಆ ಪ್ರಶಸ್ತಿಯಲ್ಲಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ ವರ್ಣನೆಯಿದೆ. ಆ ಪುರಿ ಈ ಘಾರಾಪುರಿಯೇ ಎಂದು ಹೇಳುವ ಇತಿಹಾಸಕಾರರಿದ್ದಾರೆ. ನಮ್ಮ ದೋಣಿಯ ಸುತ್ತ ಆಗ ಇದ್ದದ್ದು ಸರಕು ಹಡಗುಗಳು ಮತ್ತು ಬ್ರೆಡ್ಡಿನ ಚೂರಿಗಾಗಿ ಎರಗುವ ಕಡಲಕ್ಕಿಗಳು.

ಮುಖ್ಯ ಗುಹೆಯ ಬಾಗಿಲು ಉತ್ತರಕ್ಕಿದೆ, ಪೂರ್ವ ಪಶ್ಚಿಮಗಳಲ್ಲಿ ತೆರೆದ ಅಂಗಳಗಳಿವೆ, ಸುಮಾರು ಇಪ್ಪತ್ತು ಅಡಿ ಎತ್ತರದ ತ್ರಿಮೂರ್ತಿ ದಕ್ಷಿಣದ ಗೋಡೆಯಲ್ಲಿದೆ. ನೇರ ಬಿಸಿಲು ತಾಗದೆ ಮೂರು ಕಡೆಯಿಂದ ಸೋಸಿ ಬರುವ ಬೆಳಕಿನಲ್ಲಿ ಆ ಮುಖಗಳು ಗಂಟೆಗೊಂದು ಭಾವ ತಾಳುವುದನ್ನು ನೋಡಿ ಕ್ಯಾಮೆರಾಮನ್ ಮಾತು ನಿಲ್ಲಿಸಿದರು. ನಾನು ಕಂಬಗಳ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಸದ್ದು ಮಾಡಿಗೆ ತಾಗಿ, ಕಂಬಗಳಲ್ಲಿ ಒಡೆದು, ಮೆಲ್ಲಗೆ ಕರಗಿತು. ಪಿಸುಮಾತಿಗೆ ಇದಕ್ಕಿಂತ ಒಳ್ಳೆಯ ಕೋಣೆ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಚಿತ್ರೀಕರಿಸಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಕೊನೆಯ ದೋಣಿ ಸಂಜೆಗೇ ಹೊರಡುತ್ತದೆ, ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ನಮ್ಮ ಹುಡುಗಿಯ ನಡುಗಡ್ಡೆಯಲ್ಲಿ ಬೆಳಗಿನ ಜಾವದ ದೃಶ್ಯವೇ ಮುಖ್ಯವಾದದ್ದು.

ಊಟಕ್ಕೆ ಕುಳಿತಿದ್ದಾಗ ಒಂದು ಕೋತಿ ಬಂದು, ಗಾಳಿಯ ಸದ್ದು ತಡೆಯಲು ಮೈಕಿಗೆ ತೊಡಿಸುವ ತುಪ್ಪಳದ ಹೊದಿಕೆಯನ್ನು ಕಿತ್ತುಕೊಂಡು ಮರವೇರಿತು. ಹೋಟೆಲಿನ ಅಜ್ಜಿ ಒಂದು ಸೌತೆಕಾಯಿಯನ್ನು ದೂರಕ್ಕೆ ಎಸೆದ ಮೇಲೆ ಅದನ್ನು ಕೆಳಗೆ ಬಿಟ್ಟಿತು. ಒಂದು ಬದಿ ಹರಿದಿತ್ತು. ಹೊಲಿಯಲು ಸೂಜಿದಾರ ಕೊಟ್ಟ ಆ ಅಜ್ಜಿ ಶೇತ್‌ಬಂದರ್ ಹಳ್ಳಿಯವರು. 2018ರಲ್ಲಿ ಸಮುದ್ರದಡಿಯ ಕೇಬಲ್ಲಿನಿಂದ ಕರೆಂಟು ಬರುವವರೆಗೆ ಸಂಜೆ ಕೆಲವು ಗಂಟೆ ಮಾತ್ರ ಜನರೇಟರ್ ಓಡುತ್ತಿದ್ದುದನ್ನು ಹೇಳಿ, ಅದು ನಿಂತೊಡನೆ ಅಲೆಯ ಸದ್ದು ಮನೆಯೊಳಗೇ ಬಂದಂತಾಗುತ್ತಿತ್ತು ಎಂದರು. ಈಗ ಅಲೆಯ ಬದಲು ಎದುರಿನ ನ್ಹಾವಾ ಶೇವಾ ಬಂದರಿನ ಗದ್ದಲ ಕೇಳುತ್ತದಂತೆ. ಮೈಕಿನಲ್ಲಿ ನಾನೂ ಅದನ್ನೇ ಕೇಳಿದ್ದೆ.

ಈ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂಬ ಹೆಸರಿಟ್ಟದ್ದು ಇಲ್ಲಿದ್ದ ಕಲ್ಲಾನೆಯಿಂದ. 1864ರಲ್ಲಿ ಬ್ರಿಟಿಷರು ಅದನ್ನು ಸಾಗಿಸಲು ಹೋದಾಗ ಒಡೆದುಹೋಯಿತು. ತುಂಡುಗಳನ್ನು ಜೋಡಿಸಿ ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿ ನಿಲ್ಲಿಸಿದ್ದಾರೆ. ಹಿಂದಿರುಗುವ ದೋಣಿಯಲ್ಲಿ ಇದನ್ನು ನಾನು ಹೇಳಿದಾಗ ನಿರ್ದೇಶಕಿಯವರು, "ಹಾಗಾದರೆ ಗೋವೆಯನ್ನು ಮುಂಬಯಿಗೆ ತರುವುದು ಬೇಡ" ಎಂದರು. ಆ ರಾತ್ರಿಯೇ ರೈಲು ಹತ್ತಿದೆವು.

ಮೂರನೆಯ ದಿನ, ಗುರುವಾರ: ಮೊಲೆಂ ಮತ್ತು ತಾಂಬ್ಡಿ ಸುರ್ಲ

ಮಡಗಾಂವಿನಲ್ಲಿ ಇಳಿದು, ಭಾಜಿ ಮತ್ತು ಪೊಯ್ ಎಂಬ ಗೋವೆಯ ಬಿಸಿ ಬ್ರೆಡ್ಡು ತಿಂದು, ಬಾಡಿಗೆ ಕಾರಿನಲ್ಲಿ ಸಾಂವರ್ಡೆ, ಕುಳೆಂ ಮಾರ್ಗವಾಗಿ ಮೊಲೆಂ ಸೇರಿದೆವು. ಕಡಲ ಕಡೆಯ ಬೆವರು ಕುಳೆಂ ಹತ್ತಿರವಾದಂತೆ ಆರುತ್ತ ಬಂತು. ಅನಮೋಡ ಘಟ್ಟ ಇಳಿದು ಬೆಳಗಾವಿಯಿಂದ ಬರುವ ಹೆದ್ದಾರಿ ಇಲ್ಲಿ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಅದರೊಳಗಿನ ಮೊಲೆಂ ರಾಷ್ಟ್ರೀಯ ಉದ್ಯಾನ ಸೇರಿ ಸುಮಾರು 240 ಚದರ ಕಿಲೋಮೀಟರ್. ಪೂರ್ವದ ಗಡಿಯಾಚೆ ನಮ್ಮದೇ ಕಾಳಿ ಕಣಿವೆಯ ಕಾಡು.

ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ನಮ್ಮ ಪತ್ರವನ್ನು ಪೂರ್ತಿ ಓದಿ, ಎದುರು ಕೂರಿಸಿಕೊಂಡು ತಿಳಿಸಿ ಹೇಳಿದರು. ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪಾಲಕರ ಪರವಾನಗಿ ಬೇಕು. ಆ ಕಲಮಿನಲ್ಲಿ ಮೊದಲು ಛಾಯಾಗ್ರಹಣ ಎಂದಷ್ಟೇ ಇತ್ತು. 2022ರ ತಿದ್ದುಪಡಿಯಲ್ಲಿ ಚಲನಚಿತ್ರ ತಯಾರಿಕೆಯನ್ನೂ ಹೆಸರಿಸಿ, ಆದರೆ ನೆಲೆಯನ್ನು ಕಿಂಚಿತ್ತೂ ಬದಲಿಸದೆ, ಅದಕ್ಕೂ ಪ್ರಾಣಿಗಳಿಗೂ ತೊಂದರೆಯಾಗದಂತೆ ಎಂಬ ಷರತ್ತು ಸೇರಿಸಿದ್ದಾರೆ. ಗೋವೆಯಲ್ಲಿ ಚಿತ್ರೀಕರಣದ ಅರ್ಜಿಗಳನ್ನು ಎಂಟರ್‌ಟೇನ್ಮೆಂಟ್ ಸೊಸೈಟಿ ಆಫ್ ಗೋವಾ ನೋಡಿಕೊಳ್ಳುತ್ತದಾದರೂ ಅರಣ್ಯದ ಕಾಗದ ಬೇರೆಯೇ. ನೀವು ಎಷ್ಟು ಜನ, ಎಷ್ಟು ದೀಪ, ಜನರೇಟರ್ ಇದೆಯೇ, ಡ್ರೋನ್ ತಂದಿದ್ದೀರಾ ಎಂದು ಒಂದೊಂದಾಗಿ ಕೇಳಿ, ಕೊನೆಗೆ ನನ್ನ ಮೈಕಿನ ಪೆಟ್ಟಿಗೆಯನ್ನು ನೋಡಿ, "ರೆಕಾರ್ಡ್ ಮಾಡಿಕೊಳ್ಳಿ, ಆದರೆ ಹಕ್ಕಿಯ ಕೂಗನ್ನು ಅದಕ್ಕೇ ತಿರುಗಿಸಿ ಕೇಳಿಸಬೇಡಿ" ಎಂದರು. ನಾನು ಅವರಿಗೆ ಮನಸಾರೆ ಕೃತಜ್ಞ. ಧ್ವನಿ ಮುದ್ರಿಕೆ ಹಾಕಿ ಹಕ್ಕಿಯನ್ನು ಹತ್ತಿರಕ್ಕೆ ಕರೆಸುವುದು ಸುಲಭ. ತನ್ನ ಎಲ್ಲೆಯೊಳಗೆ ಇನ್ನೊಂದು ಹಕ್ಕಿ ಬಂತೆಂದು ಅದು ಗೂಡು, ಮೇವು ಬಿಟ್ಟು ಹಾರಾಡುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ.

ತಾಂಬ್ಡಿ ಸುರ್ಲದ ಮಹಾದೇವ ದೇವಾಲಯಕ್ಕೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋದೆವು. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಹತ್ತಿರದಲ್ಲಿ ಊಟವೂ ಸಿಗುವುದಿಲ್ಲ, ನೀರು ಕಟ್ಟಿಕೊಂಡೇ ಹೋಗಬೇಕು. ಕದಂಬರ ಕಾಲದ ಈ ಪುಟ್ಟ ಗುಡಿ ಕಪ್ಪು ಬಸಾಲ್ಟಿನದು. ಆ ಕಲ್ಲನ್ನು ಘಟ್ಟದ ಮೇಲಿನಿಂದ ಹೊತ್ತು ತಂದಿರಬೇಕೆನ್ನುತ್ತಾರೆ. ಹಾನಗಲ್ಲಿನ ಗುಡಿಯ ಅಂಗಳದಲ್ಲಿ ಆಡಿ ಬೆಳೆದ ಕ್ಯಾಮೆರಾಮನ್‌ಗೆ ಕಂಬಗಳನ್ನು ಕಂಡೊಡನೆ ಸ್ವಂತ ಊರಿಗೆ ಬಂದಂತಾಯಿತು. ಗುಡಿಯ ಪಕ್ಕದ ಹಳ್ಳದ ದಡದಲ್ಲಿ ನಾನು ಮೈಕು ನಿಲ್ಲಿಸಿ ಎಲ್ಲರನ್ನೂ ಸುಮ್ಮನಿರಿಸಿದೆ. ಮೊದಲು ನೀರು. ನೀರಿನ ಸದ್ದಿಗೆ ಕಿವಿ ಹೊಂದಿಕೊಂಡ ಮೇಲೆ ಜೀರುಂಡೆ. ಎಲ್ಲೋ ಎತ್ತರದಲ್ಲಿ ಕೆಂದಳಿಲಿನ ಗಡಸು ಕಟಕಟ. ಆಮೇಲೆ ತಲೆಯ ಮೇಲೆ ಯಾರೋ ದೊಡ್ಡ ಬೀಸಣಿಗೆಯನ್ನು ಬೀಸಿದಂತೆ ಉಸ್ಸು ಉಸ್ಸೆಂಬ ಸದ್ದು ಬಂದು, ಮಂಗಟ್ಟೆ ಹಕ್ಕಿಯೊಂದು ಕಣಿವೆಯನ್ನು ದಾಟಿತು. ಹೆಡ್‌ಫೋನ್ ಹಾಕಿಕೊಂಡ ನಿರ್ದೇಶಕಿಯವರ ಕಣ್ಣಲ್ಲಿ ನೀರಿತ್ತು. ನಲವತ್ತು ನಿಮಿಷಗಳ ಮುದ್ರಣದಲ್ಲಿ ಮನುಷ್ಯ ಮಾಡಿದ ಸದ್ದೆಂದರೆ ಒಂದು ಬೈಕು ಮತ್ತು ಗುಡಿಯ ಒಂದು ಗಂಟೆ.

ನಾಲ್ಕನೆಯ ದಿನ, ಶುಕ್ರವಾರ: ಕುಳೆಂ ಮತ್ತು ಒಂದು ಕುಳಾಗರ

ದೂಧಸಾಗರಕ್ಕೆ ಕುಳೆಂನಿಂದ ಜೀಪುಗಳು ಮಳೆಗಾಲ ಮುಗಿದ ಮೇಲಷ್ಟೇ ಓಡುತ್ತವೆ. ವಾರಾಂತ್ಯಕ್ಕಿಂತ ಶುಕ್ರವಾರ ಬೆಳಗ್ಗೆ ಸರದಿ ಬೇಗ ಬಂತು. ನಮ್ಮ ಜೀಪಿನ ಚಾಲಕ ಕೊಂಕಣಿ ಮನೆಮಾತಿನವನು, "ಬರ್ರಿ ಸರ, ಹುಬ್ಬಳ್ಳಿಯಾಗಿಂದ ಬಂದ್ರೇನ?" ಎಂದು ಅಚ್ಚ ಧಾರವಾಡದ ಕನ್ನಡದಲ್ಲಿ ಮಾತನಾಡಿಸಿದ. ಕಲಿಸಿದವರು ಪ್ರವಾಸಿಗರೇ. ನೀರು ತುಂಬಿದ ಹಳ್ಳಗಳನ್ನು ದಾಟುವಾಗ ಕಾಲೆತ್ತಿ ಕೂರಬೇಕು, ಸಾಮಾನು ಮಡಿಲಲ್ಲಿರಬೇಕು. ನಾನು ರೆಕಾರ್ಡರನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಎದೆಗವಚಿಕೊಂಡಿದ್ದೆ.

ಮುನ್ನೂರು ಮೀಟರಿಗೂ ಎತ್ತರದ ಜಲಪಾತದ ಮುಂದೆ ನಿಂತಾಗ ಯಾರಿಗೂ ಮಾತು ಬರಲಿಲ್ಲ, ಬಂದಿದ್ದರೂ ಕೇಳುತ್ತಿರಲಿಲ್ಲ. ಜಲಪಾತದ ಸದ್ದಿನಲ್ಲಿ ತಗ್ಗಿನ ಸ್ವರದಿಂದ ತಾರದವರೆಗೆ ಎಲ್ಲವೂ ಒಟ್ಟಿಗೇ ಇರುವುದರಿಂದ ಮನುಷ್ಯರ ದನಿಗೆ ಅದರಲ್ಲಿ ಸಂದು ಸಿಗುವುದಿಲ್ಲ. ಚಿತ್ರಕಥೆಯಲ್ಲಿ ಹುಡುಗಿ ಇಲ್ಲಿ ಆಡುವ ಅರ್ಧ ಪುಟದ ಮಾತನ್ನು ನಿರ್ದೇಶಕಿಯವರು ಅಲ್ಲೇ ನಿಂತು ಹೊಡೆದುಹಾಕಿದರು. ಆಗಲೇ ಚಾಲಕ ತಲೆಯೆತ್ತಿ, "ಗಾಡಿ ಬರಾಕತ್ತೈತ್ರಿ" ಎಂದ. ನನಗೆ ಏನೂ ಕೇಳಿಸಿರಲಿಲ್ಲ. ಕೆಲವು ನಿಮಿಷಗಳ ನಂತರ ಜಲಪಾತದ ನಡುವಿನ ಸೇತುವೆಯ ಮೇಲೆ ಸರಕು ರೈಲು ಕಾಣಿಸಿತು. ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಈ ಘಟ್ಟದಲ್ಲಿ ಮೂವತ್ತೇಳು ಅಡಿಗೆ ಒಂದಡಿಯಷ್ಟು ಏರಿರುವುದರಿಂದ ಗಾಡಿಗಳನ್ನು ಹಿಂದಿನಿಂದ ನೂಕಲು, ಇಳಿಯುವಾಗ ಹಿಡಿದಿಡಲು ಹೆಚ್ಚುವರಿ ಎಂಜಿನ್ನುಗಳನ್ನು ಕಟ್ಟುತ್ತಾರೆ. ಆ ಎಂಜಿನ್ನುಗಳ ನಡುಕ ಅವನಿಗೆ ಕಾಲಿನಡಿಯಿಂದಲೇ ತಿಳಿಯುತ್ತದಂತೆ. ಹಳಿಯ ಮೇಲೆ ನಡೆಯುವುದನ್ನು ರೈಲ್ವೆಯವರು ನಿಷೇಧಿಸಿದ್ದಾರೆ. ಸೇತುವೆಯ ಮೇಲಿನ ದೃಶ್ಯದ ಆಸೆಯನ್ನು ನಾವು ಅಲ್ಲಿಗೇ ಬಿಟ್ಟೆವು.

ಉಳಿದದ್ದು ರಾತ್ರಿಯ ಕಾಡಿನ ದೃಶ್ಯ. ಅಭಯಾರಣ್ಯದೊಳಗೆ ಕತ್ತಲಾದ ಮೇಲೆ ದೀಪ ಹಚ್ಚಿ ಕೆಲಸ ಮಾಡುವ ಮಾತೇ ಇಲ್ಲ, ಇರಲೂಬಾರದು. ಚಾಲಕನೇ ತನ್ನ ಪರಿಚಯದ ಒಬ್ಬರ ಕುಳಾಗರಕ್ಕೆ ಕರೆದೊಯ್ದ. ಕುಳಾಗರವೆಂದರೆ ಅಡಿಕೆ, ಬಾಳೆ, ಮೆಣಸಿನಬಳ್ಳಿಗಳ ತೋಟ, ನಮ್ಮ ಶಿರಸಿಯ ತೋಟಗಳ ತಂಗಿ. ಅದು ಅಭಯಾರಣ್ಯದ ಗಡಿಯ ಹೊರಗಿದೆ, ಹಿಂಬದಿಗೆ ಕಾಡು ತಾಗಿದೆ, ನಡುವೆ ನೀರಿನ ಕಾಲುವೆ ಹರಿಯುತ್ತದೆ. ಯಜಮಾನರು ನಮ್ಮನ್ನು ಊಟಕ್ಕೆ ಕೂರಿಸಿ, ಅಳಸಂದೆಯ ತೋಣಾಕ್, ಅನ್ನ, ನಮ್ಮ ಕಡೆ ಮುರುಗಲು ಎನ್ನುವ ಹಣ್ಣಿನ ಸೋಲಕಡಿ ಬಡಿಸಿದರು. ಎರಡು ಸಣ್ಣ ಬ್ಯಾಟರಿ ದೀಪ ಸಾಕೆಂದಾಗ ಒಪ್ಪಿ, ಒಂದು ಷರತ್ತು ಹಾಕಿದರು: ಹತ್ತು ಗಂಟೆಯ ಮೇಲೆ ಬೇಡ, ಆ ಹೊತ್ತಿಗೆ ಕಾಡುಹಂದಿಗಳು ಕಾಲುವೆಗೆ ಬರುತ್ತವೆ, ಅವುಗಳ ದಾರಿ ತಪ್ಪಿಸಬಾರದು.

ರಾತ್ರಿ ರಿಬಂದರಿನಲ್ಲಿ ತಂಗಿದೆವು. ಪಣಜಿಯ ಕಸಿನೊ ಹಡಗುಗಳ ಸಂಗೀತ ಮಾಂಡೋವಿಯ ನೀರಿನ ಮೇಲೆ ಜಾರಿಕೊಂಡು ಕಿಟಕಿಯವರೆಗೂ ಬರುತ್ತಿತ್ತು.

ಐದನೆಯ ದಿನ, ಶನಿವಾರ: ಚೋಡಣ ಮತ್ತು ದಿವಾಡಿ

ಸೂರ್ಯ ಮೂಡುವ ಮುನ್ನ ಫೆರಿಯಲ್ಲಿ ಚೋಡಣ ದ್ವೀಪಕ್ಕೆ ದಾಟಿದೆವು. ದ್ವೀಪದ ಪಶ್ಚಿಮದ ತುದಿಯಲ್ಲಿ, ಎರಡು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆ. ಕಡಲತೀರದ ಕನ್ನಡಿಗರು ಕಾಂಡ್ಲ ಎನ್ನುವ ಮ್ಯಾಂಗ್ರೋವ್ ಗಿಡಗಳ ಕಾಡು ಅದು. ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದ ಉಸಿರುಬೇರುಗಳ ನಡುವೆ ಏಡಿಗಳು ಓಡಾಡುತ್ತವೆ. ಇಲ್ಲಿ ಒಂದು ಪೇಚಿದೆ. ಹಕ್ಕಿಗಳು ಮೇಯಲು ಬರುವುದು ಇಳಿತದಲ್ಲಿ ಕೆಸರು ತೆರೆದುಕೊಂಡಾಗ. ದೋಣಿ ಒಳಗೆ ಹೋಗುವುದು ಭರತದಲ್ಲಿ, ಅಂದರೆ ನೀರು ಏರಿದಾಗ. ಹಿಂದಿನ ದಿನವೇ ಉಬ್ಬರವಿಳಿತದ ಹೊತ್ತನ್ನು ದೋಣಿಯವರಿಂದ ಕೇಳಿಕೊಳ್ಳಬೇಕಿತ್ತು, ನಾವು ಕೇಳಿರಲಿಲ್ಲ. ಮುಕ್ಕಾಲು ಗಂಟೆ ಒಳಗೆ ಹೋಗುವಷ್ಟರಲ್ಲಿ ನೀರು ಇಳಿದು ದೋಣಿಯ ತಳ ಕೆಸರಿಗೆ ತಾಗಿತು. ದೋಣಿಯವರು ಹುಟ್ಟನ್ನು ಊರಿ ನೋಡಿ, ಇನ್ನು ನೀರು ಬರುವವರೆಗೆ ಕೂರಬೇಕೆಂದರು. ಮೂರು ಗಂಟೆಗೂ ಮೇಲೆ ಕೂತೆವು. ಬಿಸಿಲೇರಿತು, ಸೊಳ್ಳೆ ಕಚ್ಚಿದವು, ನೀರಿನ ಬಾಟಲಿ ಒಂದೇ ಇತ್ತು.

ಆ ಮೂರು ಗಂಟೆಗಳಲ್ಲಿ ನನಗೆ ಸಿಕ್ಕಿದ್ದು ಇಡೀ ಪ್ರವಾಸದ ಅತ್ಯುತ್ತಮ ಶಬ್ದ. ನೀರು ಸರಿದಂತೆ ಕೆಸರು ಸಿಡಿಯತೊಡಗಿತು, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಸುತ್ತಲೂ. ಬಿಲಗಳಲ್ಲಿರುವ ಒಂದು ಜಾತಿಯ ಸೀಗಡಿ ತನ್ನ ದೊಡ್ಡ ಚಿಮಟವನ್ನು ಥಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆಯುಂಟಾಗಿ ಒಡೆಯುತ್ತದೆ. ಚಟಪಟದ ಬಹುಪಾಲು ಅದರದೇ. ಬಿಳಿ ಕೊರಳಪಟ್ಟಿಯ ಮಿಂಚುಳ್ಳಿಯೊಂದು ನಮ್ಮಿಂದ ಹತ್ತಡಿ ದೂರದ ಕೊಂಬೆಯ ಮೇಲೆ ಬಂದು ಕುಳಿತು, ನಾವು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಏಡಿ ಹಿಡಿದು ತಿಂದಿತು. ಇಷ್ಟಿದ್ದರೂ, ಅಥವಾ ಇಷ್ಟಿರುವುದರಿಂದಲೇ, ಇಪ್ಪತ್ತು ಜನರ ತಂಡವನ್ನು ಇಲ್ಲಿಗೆ ತರಬಾರದೆಂದು ದೋಣಿಯಲ್ಲೇ ತೀರ್ಮಾನವಾಯಿತು. ನಾನೊಬ್ಬನೇ ಮತ್ತೆ ಬಂದು ಎರಡು ಬೆಳಗಿನ ಶಬ್ದ ಮುದ್ರಿಸಿಕೊಂಡು ಹೋಗುವುದು, ಅಷ್ಟೇ.

ಮಧ್ಯಾಹ್ನ ಹಳೆಯ ಗೋವೆಯಿಂದ ಇನ್ನೊಂದು ಫೆರಿ ಹಿಡಿದು ದಿವಾಡಿಗೆ ಹೋದೆವು. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ಮೂಲಸ್ಥಾನ ಈ ದ್ವೀಪ. ಪೋರ್ಚುಗೀಸರ ಕಾಲದಲ್ಲಿ ಗುಡಿ ನಾಶವಾಗಿ, ಲಿಂಗವು ಹೊಳೆಯಾಚೆಯ ನಾರ್ವೆ ಸೇರಿ, 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿಯನ್ನು ಮತ್ತೆ ಕಟ್ಟಿಸಿದರು. ಫೆರಿ ಇಳಿದೊಡನೆ ರಸ್ತೆಯ ಎರಡೂ ಬದಿಗೆ ಖಾಜನ್ ಗದ್ದೆಗಳ ಬಯಲು. ಉಪ್ಪುನೀರನ್ನು ಮಣ್ಣಿನ ಕಟ್ಟೆಯಿಂದ ತಡೆದು, ತೂಬಿನ ಬಾಗಿಲಿನಿಂದ ಭರತ ಇಳಿತಗಳನ್ನು ಆಳುವ ಈ ಗದ್ದೆಗಳು ನಮ್ಮ ಅಘನಾಶಿನಿಯ ಗಜನಿಗಳೇ. ಅಲ್ಲಿ ಕಗ್ಗ ಭತ್ತ ಬೆಳೆದಂತೆ ಇಲ್ಲಿ ಕೊರ್ಗುಟ್ ಬೆಳೆಯುತ್ತಾರೆ. ಕಟ್ಟೆಯ ಮೇಲೆ ನಿಂತು ಕೇಳಿದೆ. ಕಸಿನೊ ಇಲ್ಲ, ಹೆದ್ದಾರಿ ಇಲ್ಲ. ತೂಬಿನಲ್ಲಿ ನೀರು ನುಗ್ಗುವ ಸದ್ದು, ಬೆಳ್ಳಕ್ಕಿಗಳು, ಹೊಳೆಯಾಚೆಯಿಂದ ಇಗರ್ಜಿಯ ಗಂಟೆ. ಹುಡುಗಿಯ ಮನೆ ಈ ದ್ವೀಪದಲ್ಲಿ, ಶಾಲೆ ಆಚೆ ದಡದಲ್ಲಿ, ನಡುವೆ ಈ ಫೆರಿ. ಕ್ಯಾಮೆರಾಮನ್ ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ.

ಸಂಜೆ ಹಿಂದಿರುಗುವ ಫೆರಿಗಾಗಿ ಕಾಯುವಾಗ, ಖಾಲಿ ತರಕಾರಿ ಬುಟ್ಟಿಯೊಂದಿಗೆ ಕುಳಿತಿದ್ದ ಹೆಂಗಸೊಬ್ಬರು ನಮ್ಮ ಮಾತು ಕೇಳಿ, "ಕನ್ನಡದವ್ರೇನ್ರಿ?" ಎಂದರು. ಖಾನಾಪುರ ತಾಲ್ಲೂಕಿನ ನಂದಗಡದವರು, ಗೋವೆಗೆ ಬಂದು ಮೂವತ್ತು ವರ್ಷವಾಗಿದೆ. ನಮ್ಮ ಚಿತ್ರದ ಕಥೆ ಕೇಳಿ ಅವರಿಗೆ ಆಶ್ಚರ್ಯವಾಗಲಿಲ್ಲ. "ಹೊಳಿ ಎಲ್ಲಿಂದ ಬರ್ತೈತಿ ಅಂತ ಹುಡುಗಿ ಕೇಳ್ತಾಳಲ್ರಿ, ನಮ್ಮ ಕಡಿಂದನ ಬರ್ತೈತಿ. ಅಲ್ಲಿ ಇದಕ್ಕ ಮಹದಾಯಿ ಅಂತೀವಿ. ಇಲ್ಲಿ ಮಂದಿ ಮಾಂಡೋವಿ ಅಂತಾರ." ನಾನು ನೀರಿನೊಳಗಿಡುವ ಮೈಕನ್ನು ಜೆಟ್ಟಿಯ ಅಂಚಿನಿಂದ ಇಳಿಬಿಟ್ಟು ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದೆ. ಅವರು ಸೆರಗು ಸರಿಸಿಕೊಂಡು ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಫೆರಿ ಬಂದು ದಡಕ್ಕೆ ತಾಗಿತು, ಬೈಕುಗಳು ಇಳಿದವು, ಹತ್ತುವವರು ಹತ್ತಿದರು.

"ಯವ್ವಾ, ಹೊರಡ್ತೈತಿ ನೋಡ್ರಿ" ಎಂದು ಕ್ಯಾಮೆರಾಮನ್ ಅವರ ಭುಜ ಮುಟ್ಟಿದರು.

"ತಡೀರಿ ತಮ್ಮಾ, ಇನ್ನೊಂದೀಟು" ಎಂದರು ಅವರು, ಕಣ್ಣು ತೆರೆಯದೆ. ನಾವು ಆ ಫೆರಿಯನ್ನು ಬಿಟ್ಟು ಮುಂದಿನದಕ್ಕೆ ಕಾದೆವು.